ಕಿಟಕಿಯೊಳಗೆ ಒಗೆದ ನಿರ್ವಾಣ

ನನಗೆ ಎಲ್ಲ ಬಿಡಲು ಬರುತ್ತದೆ, ಬಸ್ಸಿನ ಸೀಟೊಂದನ್ನು ಬಿಟ್ಟು. ಚಹಾ ಬಿಟ್ಟಿದ್ದೇನೆ, ಎರಡು ಸಲ. ಸಿಟ್ಟನ್ನಂತೂ ಪ್ರತಿ ಸೋಮವಾರ ಬಿಡುತ್ತೇನೆ. ಆದರೆ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಂಡರೆ ಸಾಕು, ಕಿಟಕಿಯೊಳಗೆ ಟಾವೆಲ್ಲು ಬೀಸಿ ಒಗೆದು ಸೀಟು ಹಿಡಿಯದಿದ್ದರೆ ಜೀವಕ್ಕೆ ಸಮಾಧಾನವಿಲ್ಲ. ನಮ್ಮ ಕಡೆ ಟಾವೆಲ್ಲು ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂರುವುದಿಲ್ಲ. ಕೂತರೆ ಇಡೀ ಬಸ್ಸೇ ಪಂಚಾಯ್ತಿಗೆ ನಿಲ್ಲುತ್ತದೆ. ಕಾಲೇಜಿನಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಹೇಳಿದ ಮೇಲೂ ನನಗೆ ಈ ರೋಗ ಹೋಗಿಲ್ಲ.

ಮೊನ್ನೆ ಬುದ್ಧ ಪೂರ್ಣಿಮೆಗೆ ಇಂಗಳೇಶ್ವರದವರು ಉಪನ್ಯಾಸಕ್ಕೆ ಕರೆದರು. ವಿಷಯ, ಸಂಸಾರ ಮತ್ತು ನಿರ್ವಾಣ. ನಿವೃತ್ತನಾದ ಮೇಲೆ ನನ್ನನ್ನು ಯಾರಾದರೂ ಮಾತಾಡಲು ಕರೆದದ್ದು ಅದೇ ಮೊದಲು. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಸಾವಿತ್ರಿ ಟಿ.ವಿ. ಧ್ವನಿ ಏರಿಸುತ್ತಾಳೆ. ಅವಳೂ ಕೇಳಲು ಬರುತ್ತೇನೆಂದಾಗ ನನ್ನ ಮರ್ಯಾದೆಯ ಪ್ರಶ್ನೆಯಾಯಿತು. ಹದಿನೈದು ದಿನ ಕೂತು ಇಪ್ಪತ್ತು ಹಾಳೆ ಬರೆದೆ. ಬೌದ್ಧರು ಹೇಳುವುದು ಇಷ್ಟೇ: ಸಂಸಾರ ಇಲ್ಲಿ, ನಿರ್ವಾಣ ಇನ್ನೆಲ್ಲೋ ಎಂದಲ್ಲ. ಅಂಟಿಕೊಂಡು ನೋಡಿದರೆ ಸಂಸಾರ, ಅಂಟು ಬಿಟ್ಟು ನೋಡಿದರೆ ಅದೇ ನಿರ್ವಾಣ. ಇದನ್ನು ನಾನು ಇಪ್ಪತ್ತು ಹಾಳೆಗೆ ಎಳೆದಿದ್ದೆ.

ಉಪನ್ಯಾಸದ ದಿನ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ಗುರುಗುಡುತ್ತಿದ್ದವು. ಟಾವೆಲ್ಲು ಮನೆಯಲ್ಲೇ ಉಳಿದಿತ್ತು. ತಡಮಾಡದೆ ಕೈಯಲ್ಲಿದ್ದ, ಆ ಇಪ್ಪತ್ತು ಹಾಳೆಯ ಚೀಲವನ್ನೇ ಒಗೆದೆ. "ಬೋರ್ಡ್ ಓದ್ರೀ!" ಎಂದು ಸಾವಿತ್ರಿ ಚೀರುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು, ಇಂಗಳೇಶ್ವರಕ್ಕಲ್ಲ, ಗೊಳಸಂಗಿಗೆ.

"ನಿಮ್ಮ ನಿರ್ವಾಣ ಹೋದ್ರ ಹೋಗ್ಲಿ, ಅದರಾಗ ನನ್ನ ರೊಟ್ಟಿ, ಶೇಂಗಾ ಹಿಂಡಿ ಇದ್ವಲ್ರೀ!" ಎಂದು ತಲೆ ಚಚ್ಚಿಕೊಂಡಳು. ಚೀಲ ಮರುದಿನ ಕಂಡಕ್ಟರ್ ಕೈಯಲ್ಲಿ ವಾಪಸ್ ಬಂತೆನ್ನಿ. ಉಪನ್ಯಾಸ ಇದ್ದಂತೆಯೇ ಇತ್ತು, ರೊಟ್ಟಿ ಮಾತ್ರ ಒಂದೂ ಇರಲಿಲ್ಲ.

ಇಂಗಳೇಶ್ವರದ ವೇದಿಕೆಯ ಮೇಲೆ ಬರಿಗೈಯಲ್ಲಿ ನಿಂತೆ. ಒಂದು ಸಾಲೂ ನೆನಪಿಗೆ ಬರಲೊಲ್ಲದು. ಬೇರೆ ದಾರಿ ಕಾಣದೆ ಚೀಲದ ಕತೆಯನ್ನೇ ಹೇಳಿದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದೆ ಕೂತಿದ್ದ ಗೌರವ್ವ ಎಂಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಹಂಗಾರ ಸರ, ಮೋಕ್ಷ ಅಂದ್ರ ಬಸ್ ಇಳಿಯೂದಲ್ಲ. ಅದ ಬಸ್ಸಿನಾಗ ಇದ್ಕೊಂಡು, ಸೀಟಿನ ಮ್ಯಾಲಿನ ಟಾವೆಲ್ ತಗಿಯೂದು. ಹೌದಿಲ್ರಿ?"

ಅಬ್ಬಾ! ನನಗಾದ ಖುಷಿ ಹೇಳತೀರದು. "ಹೌದ ಯವ್ವಾ, ಅಷ್ಟ ಐತಿ!" ಎಂದು ಮೈಕಿನಲ್ಲೇ ಕೂಗಿಬಿಟ್ಟೆ. ಚಪ್ಪಾಳೆ ಬಿತ್ತು. ಸಾವಿತ್ರಿಯೂ ತಟ್ಟಿದಳು, ನಾನು ನೋಡಿದ್ದೇನೆ. ಶಾಲು ಹೊದಿಸಿ ಕಳಿಸಿದರು.

ವಾಪಸ್ ಹೋಗಲು ರಸ್ತೆಗೆ ಬಂದು ನಿಂತಾಗ ಸಾವಿತ್ರಿ ಮೆಲ್ಲಗೆ, "ಇವತ್ತ ಭಾಳ ಛಲೋ ಮಾತಾಡಿದ್ರಿ" ಅಂದಳು. ಮದುವೆಯಾದಾಗಿನಿಂದ ಈ ಮಾತಿಗೆ ಕಾದಿದ್ದೆ. ಏನಾದರೂ ಹೇಳಬೇಕು ಅನ್ನುವಷ್ಟರಲ್ಲಿ ಬಾಗೇವಾಡಿ ಬಸ್ಸು ಬಂತು. ಸನ್ಮಾನದ ಶಾಲು ನನ್ನ ಹೆಗಲಿನಿಂದ ಹಾರಿ ಕಿಟಕಿಯೊಳಗೆ ಬಿತ್ತು.

ಹತ್ತಿ ನೋಡಿದರೆ, ಇಡೀ ಬಸ್ಸಿನಲ್ಲಿ ಡ್ರೈವರ್, ಕಂಡಕ್ಟರ್ ಮತ್ತು ನನ್ನ ಶಾಲು.