ಷಡ್ಡಕನ ವೆಬ್‌ಸೈಟಿಗೆ ನಾನು ಹಾಕಿದ ಬೀಗ

ಕೆ.ಆರ್. ನಗರದ ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಕಂಪ್ಯೂಟರ್ ಕೂಡ ಬರುತ್ತದೆಂದು ನೆಂಟರಿಷ್ಟರೆಲ್ಲ ನಂಬಿದ್ದ ಕಾಲವದು. ನಾನೂ ನಂಬಿದ್ದೆ! ಬೇಸಿಗೆ ರಜೆಯಲ್ಲಿ ಮೈಸೂರಿಗೆ ಓಡಾಡಿ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೆ. ಹಾಗಾಗಿ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ ಪುಟ್ಟರಾಜು, ಬೀಚನಹಳ್ಳಿಯಲ್ಲಿ ಹೋಂಸ್ಟೇ ತೆರೆದಾಗ ವೆಬ್‌ಸೈಟ್ ಮಾಡುವ ಗೌರವ ನನ್ನ ಪಾಲಿಗೆ ಬಂತು. ಕಬಿನಿ ಹಿನ್ನೀರಿನ ಫೋಟೊ, ನಾದಿನಿ ಮುದ್ದೆ ಕಟ್ಟುವ ಫೋಟೊ, ಕೆಳಗೆ ಫೋನ್ ನಂಬರು. ಬೆಂಗಳೂರಿನವರು ಅದನ್ನು ನೋಡಿಯೇ ಬರುತ್ತಿದ್ದರು.

ಒಮ್ಮೆ ದಸರಾ ರಜೆಯ ಹೊಸ್ತಿಲಲ್ಲಿ, ಸೈಟ್ ಇಟ್ಟುಕೊಂಡಿದ್ದ ಕಂಪನಿಯವರು ತಮ್ಮ ಯಂತ್ರ ಬದಲಾಯಿಸಿದರು. "ನಿಮ್ಮ ಬ್ಯಾಕಪ್ ನೀವೇ ಮತ್ತೆ ಹಾಕಿಕೊಳ್ಳಿ" ಎಂದು ಮೇಲ್ ಬಂತು. ಬ್ಯಾಕಪ್ ಸಿ.ಡಿ. ನನ್ನ ಹತ್ತಿರ ಭದ್ರವಾಗಿತ್ತು.

"ಚಿಟಿಕೆ ಹೊಡೆಯೋ ಕೆಲ್ಸ ಕಣೇ, ಕಾಫಿ ಹೊತ್ತಿಗೆ ಬಂದುಬುಡ್ತೀನಿ" ಎಂದು ಹೆಂಡತಿ ಸುಜಾತಳಿಗೆ ಹೇಳಿ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಹೋದೆ. ಫೈಲುಗಳನ್ನೆಲ್ಲ ಏರಿಸಿದೆ. ಒಂದೊಂದೂ ತನ್ನ ಜಾಗದಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡು, ಕಾಫಿ ಹೊತ್ತಿಗೆ ಮನೆಯಲ್ಲಿದ್ದೆ. ಸೈಟ್ ಮಾತ್ರ ತೆರೆದು ನೋಡಲಿಲ್ಲ. ನೋಡುವುದೇನಿದೆ? ಹಾಕಿದವನು ನಾನು!

ಮಾರನೆಯ ಬೆಳಿಗ್ಗೆ ಪುಟ್ಟರಾಜುವಿನ ಫೋನು.

"ಅಣ್ಣ, ಬೆಂಗ್ಳೂರಿಂದ ಗಿರಾಕಿ ಫೋನ್ ಮಾಡಿದ್ರು. ನಮ್ಮನೆ ನೋಡಕ್ಕೆ ಪರ್ಮಿಶನ್ ಇಲ್ಲ ಅಂತ ಸೈಟಲ್ಲಿ ಬತ್ತಾ ಅದಂತೆ! ಯಾರ್ ಪರ್ಮಿಶನ್ ಕಣಣ್ಣ? ಪಂಚಾಯ್ತಿಯೋರ್ದಾ, ಫಾರೆಸ್ಟ್‌ನೋರ್ದಾ?"

"ಅದು ಕಂಪ್ಯೂಟರ್ ಪರ್ಮಿಶನ್ ಪುಟ್ಟರಾಜು. ನೀನು ಸುಮ್ನಿರು, ನಾನು ನೋಡ್ತೀನಿ."

ಮತ್ತೆ ಸೈಬರ್ ಸೆಂಟರಿಗೆ ಹೋಗಿ ನಾನು ನೋಡಿದೆ. ಯಾರು ಓದಬಹುದು, ಯಾರು ತಿದ್ದಬಹುದು ಎಂದು ಹೇಳುವ ಮೂರಂಕಿಯ ಸಂಖ್ಯೆಯೊಂದು ಪ್ರತಿ ಫೈಲಿಗೂ ಇರುತ್ತದೆ. ನಾನು ಏರಿಸುವಾಗ ಅದು 'ಒಡೆಯನಿಗೆ ಮಾತ್ರ' ಎಂದಾಗಿಬಿಟ್ಟಿತ್ತು. ಒಡೆಯ ನಾನು. ಷಡ್ಡಕನ ಹೋಂಸ್ಟೇಯನ್ನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ ನೋಡಬಹುದಿತ್ತು!

ಸಂಖ್ಯೆ ಎಂದ ಮೇಲೆ ಗಣಿತದ ಮೇಷ್ಟರಿಗೆ ಎಂಥ ಭಯ? ಎಲ್ಲರೂ ಓದಬಹುದು ಎನ್ನುವ 644 ಅನ್ನು ಹುಡುಕಿ ತೆಗೆದೆ. ಫೈಲು, ಫೋಲ್ಡರು ಎಂಬ ಭೇದಭಾವ ಮಾಡದೆ ಎಲ್ಲಕ್ಕೂ ಒಂದೇ ಏಟಿಗೆ ಒತ್ತಿದೆ. ಸಮಾನತೆ!

ಈಗ ನನ್ನನ್ನೂ ಒಳಗೆ ಬಿಡಲಿಲ್ಲ.

ಫೋಲ್ಡರಿಗೆ ಓದುವ ಅನುಮತಿ ಸಾಲದಂತೆ, ಒಳಗೆ ಕಾಲಿಡಲು ಬೇರೆ ಅನುಮತಿ ಬೇಕಂತೆ. ಅದನ್ನು ನಾನೇ ಕೈಯಾರೆ ಕಿತ್ತುಹಾಕಿದ್ದೆ. ಅಷ್ಟರಲ್ಲಿ ಸುಜಾತಳ ಫೋನು.

"ರೀ, ಊಟಕ್ಕೆ ಬರಲ್ವಾ?"

"ಒಳಗೆ ಹೋಗಕ್ಕೇ ಆಗ್ತಿಲ್ಲ ಕಣೇ."

"ಎಲ್ಲಿ ಒಳಗೆ?"

"ನಾನೇ ಕಟ್ಟಿದ್ದರೊಳಗೆ."

"ಮೊದ್ಲು ಊಟ ಮಾಡಿ" ಎಂದಳು.

ಊಟ ಬಿಟ್ಟು ಕೂತು, ಫೋಲ್ಡರುಗಳಿಗೆ ಒಳಗೂ ಬಿಡುವ 755, ಫೈಲುಗಳಿಗೆ 644 ಎಂದು ಒಂದೊಂದಾಗಿ ಬೇರ್ಪಡಿಸಿ ಕೊಟ್ಟೆ. ಸಂಜೆಗೆ ಸೈಟ್ ಥಳಥಳ ಹೊಳೆಯುತ್ತ ತೆರೆದುಕೊಂಡಿತು. ನಾದಿನಿ ಮುದ್ದೆ ಕಟ್ಟುತ್ತಿದ್ದಳು! ವಿಜಯೋತ್ಸಾಹದಿಂದ ಪುಟ್ಟರಾಜುಗೆ ಫೋನ್ ಮಾಡಿದೆ; ಲೈನು ಎಂಗೇಜ್, ಗಂಟೆ ಕಳೆದ ಮೇಲೆ ಸಿಕ್ಕ.

ಅವನು ಸುಮ್ಮನಿದ್ದಿರಲಿಲ್ಲ. ಪಂಚಾಯ್ತಿ ಆಫೀಸಿಗೆ ಹೋಗಿ, "ನಮ್ಮನೆಗ್ಯಾಕೆ ಪರ್ಮಿಶನ್ ಇಲ್ಲ ಅಂದ್ರಿ?" ಎಂದು ಜೋರು ಮಾಡಿದ್ದ.

"ನಾವೆಲ್ಲಪ್ಪಾ ಅಂದ್ವಿ?" ಎಂದರಂತೆ ಸಾಹೇಬರು. "ಇರ್ಲಿ, ಬಂದಿದ್ದೀಯಲ್ಲ, ತಗೊಂಡಿರೋ ಪರ್ಮಿಶನ್ ತೋರ್ಸು."

"ತೋರಿಸ್ದೆಯಾ?" ಎಂದೆ.

"ತಗೊಂಡಿದ್ರೆ ತಾನೆ ತೋರ್ಸಕ್ಕೆ! ಇಷ್ಟ್ ದಿನ ಯಾರೂ ಕೇಳೇ ಇರ್ಲಿಲ್ಲ ಕಣಣ್ಣ. ಈಗ ಅರ್ಜಿ ಆಕು, ಅದು ಬರಗಂಟ ಯಾರ್ನೂ ಇಳಿಸ್ಕೋಬ್ಯಾಡ ಅಂದವ್ರೆ."

ಅವನೇ ಮುಂದುವರಿಸಿದ: "ನಿಮ್ಮ ಸೈಟು ಬೊಂಬಾಟಾಗಿ ಬತ್ತಾ ಅದೆ ಬುಡಿ. ಗಿರಾಕಿಗಳ ಫೋನು ನಿಲ್ತಾನೇ ಇಲ್ಲ. ಇಲ್ಲ ಇಲ್ಲ ಅಂದೂ ಅಂದೂ ಗಂಟ್ಲು ಕಟ್ಕೊಂಡದೆ. ಒಂದು ಉಪಕಾರ ಮಾಡಿ, ಸದ್ಯಕ್ಕೆ ಪರ್ಮಿಶನ್ ಇಲ್ಲ ಅಂತ ಅದ್ರಲ್ಲೇ ದಪ್ಪಗೆ ಬರುದ್ಬುಡಿ."

ಬರೆದೆ. ಬಣ್ಣ ಬೇರೆ ಕೊಟ್ಟೆ. ಮನೆಗೆ ಬಂದು ಹೇಳಿದಾಗ ಸುಜಾತ ತಟ್ಟೆ ಇಡುತ್ತಾ ಕೇಳಿದಳು: "ಅಲ್ಲಾ ರೀ, ಬೆಳಿಗ್ಗೆ ಅದು ತಾನಾಗೇ ಅದನ್ನೇ ಹೇಳ್ತಿತ್ತಲ್ವಾ?"

ಸಂಕ್ರಾಂತಿ ಹೊತ್ತಿಗೆ ಪುಟ್ಟರಾಜುಗೆ ಅನುಮತಿ ಸಿಕ್ಕಿತು, ಗಿರಾಕಿಗಳೂ ಬಂದರು. ಸೈಟಿನಿಂದ ಆ ಸಾಲು ಅಳಿಸುವ ಕೆಲಸವನ್ನು ಅವನು ಬಹಳ ಗೌರವದಿಂದ ಬೇರೆಯವರಿಗೆ ಕೊಟ್ಟ!