ವೆಂಡೆಲೀನ್ ನದಿಯ ಬೀಗ ತೆಗೆದದ್ದು

ಇದು ಕಟ್ಟುಕತೆಯಲ್ಲ. ಕಟ್ಟುಕತೆಯಾಗಿದ್ದರೆ ನಾಯಕನನ್ನು ಇಷ್ಟು ಒದ್ದೆ ಮಾಡುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಓಲ್ಶೋವ್ ಊರಿನ ಅರ್ಧ ಜನ ಇದನ್ನು ಕಣ್ಣಾರೆ ಕಂಡಿದ್ದಾರೆ. ಉಳಿದರ್ಧ ಜನ ಕಂಡೆವೆಂದು ಆಣೆಯಿಟ್ಟು ಹೇಳುತ್ತಾರೆ. ಎಲ್ಲಕ್ಕೂ ಮೂಲ ಒಂದು ಫೋಟೋ.

ವೆಂಡೆಲೀನ್ ಶ್ಕೋಪೆಕ್ ಊರಿನ ಅರಮನೆಯಲ್ಲಿ ಗೈಡು. ಅರಮನೆಯಲ್ಲಿ ಅಂದರೆ ಅದರ ನೆಲಮಾಳಿಗೆಯಲ್ಲಿ. ವರ್ಷಗಟ್ಟಲೆ ಅಲ್ಲೇ ಇದ್ದು ಮುಖ ಮೂಟೆಯಲ್ಲಿ ಮರೆತ ಆಲೂಗಡ್ಡೆಯಂತೆ ಬಿಳುಚಿಕೊಂಡಿತ್ತು. ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅವನು ಮೇಲಿನ ಕನ್ನಡಿ ಹಾಲಿನಲ್ಲಿ ಜನಕ್ಕೆ ವಿವರಣೆ ಕೊಡಬೇಕು. ಮೇಲ್ವಿಚಾರಕ ಹಿನೆಕ್ ಸಾಹೇಬರು ಮೆಚ್ಚಿದರೆ ಹಿರಿಯ ಗೈಡ್ ಪಟ್ಟ, ನೆಲಮಾಳಿಗೆಯಿಂದ ಬಿಡುಗಡೆ. ಪಟ್ಟಕ್ಕೆ ಇದ್ದ ಇನ್ನೊಬ್ಬನೇ ಅಭ್ಯರ್ಥಿ ಅವನ ಸಹೋದ್ಯೋಗಿ ಓತಾಕರ್.

ಬೆಳಿಗ್ಗೆ ನದಿದಂಡೆಯ ಹಳೆಯ ಗಿರಣಿಯ ಬಳಿ ಓತಾಕರ್ ಅಡ್ಡ ಸಿಕ್ಕಿದ.

"ಹಿರಿಯ ಗೈಡ್ ಆದೋರ ಫೋಟೋ ಹೆಬ್ಬಾಗ್ಲಲ್ಲಿ ತೂಗು ಹಾಕ್ತಾರಪ್ಪ. ಹೆಂಗೂ ನೀನೇ ಆಗೋದು. ಈಗ್ಲೇ ತೆಗೆದುಬಿಡ್ತೀನಿ, ನಿಂತ್ಕೋ."

"ಅಯ್ಯೋ, ಈಗ್ಲೇ ಯಾಕೆ ಮಾರಾಯ," ಎನ್ನುತ್ತಲೇ ವೆಂಡೆಲೀನ್ ಬಾಚಣಿಗೆ ತೆಗೆದ.

"ಹಿಂದಿರೋ ಅರಮನೆ ಗೋಪುರ ಪೂರ್ತಿ ಬರ್ತಿಲ್ಲ. ಸ್ವಲ್ಪ ಹಿಂದೆ. ಇನ್ನೂ ಸ್ವಲ್ಪ. ಹಾಂ, ಗೋಪುರ ಬಂತು."

ಗೋಪುರ ಬಂತು, ವೆಂಡೆಲೀನ್ ಹೋದ.

ಏಪ್ರಿಲ್ ತಿಂಗಳ ವ್ಲತಾವಾ ನದಿ, ಆಗಷ್ಟೇ ಕರಗಿದ ಹಿಮ. ಅವನು ಕೈಕಾಲು ಬಡಿಯುತ್ತ ತೇಲಿಹೋಗಿ ಕಲ್ಲುಸೇತುವೆಯ ಮೆಟ್ಟಿಲು ಹತ್ತಿದಾಗ ಎದುರಿಗೆ ವಾದ್ಯ, ಸಾಸೇಜಿನ ಹೊಗೆ, ಅರ್ಧ ಊರು. ಅಂದು ನದಿಯ ಬೀಗ ತೆಗೆಯುವ ಹಬ್ಬ. ನೀರಿನ ಭೂತ ಎದ್ದುಬಂದು, ಮೇಯರ್ ಕೈಯಿಂದ ಮರದ ಬೀಗದಕೈ ಇಸಿದುಕೊಂಡು ನದಿಯನ್ನು ತೆರೆಯಬೇಕು. ಆಮೇಲೇ ದೋಣಿಗಳು ಇಳಿಯುವುದು. ಭೂತದ ಗುರುತು ಊರಿನ ಮಕ್ಕಳಿಗೂ ಗೊತ್ತು: ಹಸಿರು ಕೋಟು, ಎಡಗಡೆಯ ಚುಂಗಿನಿಂದ ತೊಟ್ಟಿಕ್ಕುವ ನೀರು.

ಅರಮನೆಯ ಗೈಡುಗಳ ಕೋಟೂ ಹಸಿರು. ವೆಂಡೆಲೀನನ ಬಲಚುಂಗು ನೀರೊಳಗಿನ ಬೇರಿಗೆ ಸಿಕ್ಕಿ ಅಲ್ಲೇ ಉಳಿದಿತ್ತು. ಎಡಚುಂಗಿನಿಂದ ಮಾತ್ರ ನೀರು ಬಳಬಳ ಇಳಿಯುತ್ತಿತ್ತು.

"ಬಂದ್ರಪ್ಪ ಭೂತರಾಯರು," ಎಂದರು ಮೇಯರ್, ಕಾದು ಕಾದು ಬೇಸತ್ತವರು. "ಹೋದ ವರ್ಷಕ್ಕಿಂತ ಚೆನ್ನಾಗಿ ನೆಂದಿದೀರಿ."

"ನಾನು ಭೂತ ಅಲ್ರೀ, ಗೈಡು. ಬಿಡಿ, ಹನ್ನೆರಡಕ್ಕೆ ಅರಮನೇಲಿರ್ಬೇಕು."

"ಎಂಥಾ ನಟನೆ ನೋಡ್ರೇ," ಎಂದಳು ಮುದುಕಿ ರುಜೆನಾ. "ಹಲ್ಲು ಕಟಕಟ ಅನ್ನೋದೂ ನಿಜವಾದ್ದೇ ಅನ್ಸುತ್ತೆ. ಬಾಯಿ ತೆಗಿಯೋ ಮಗಾ." ಅಂದವಳೇ ಒಂದು ಗುಟುಕು ರಮ್ ಸುರಿದೇಬಿಟ್ಟಳು.

ಬೇರೆ ದಾರಿ ಕಾಣದೆ ಅವನು ಬೀಗದಕೈಯನ್ನು ನೀರಿಗೆ ಅದ್ದಿ ತಿರುಗಿಸಿ, ಅದನ್ನು ಹಿಡಿದುಕೊಂಡೇ ಓಟ ಕಿತ್ತ. ಅಷ್ಟರಲ್ಲಿ ನಿಜವಾದ ವೇಷಧಾರಿ, ಕಟುಕರ ಅಂಗಡಿಯ ಕಾಡ್ಲೆಟ್ಸ್ ಎಂಬವನು, ಮುಖಕ್ಕೆಲ್ಲ ಹಸಿರು ಬಳಿದುಕೊಂಡು ಬಂದ. "ಏಯ್, ನನ್ ಬೀಗದಕೈ ಕೊಡೋ" ಎನ್ನುತ್ತ ಇವನ ಹಿಂದೆ ಬಿದ್ದ. ಒಣಭೂತ ಹಸಿಭೂತವನ್ನು ಅಟ್ಟುವುದು ಈ ವರ್ಷದ ಹೊಸ ಆಟವೆಂದುಕೊಂಡು ಜನ, ವಾದ್ಯದವರ ಸಮೇತ, ಗುಡ್ಡ ಹತ್ತಿದರು.

ಅರಮನೆಯ ಬಾಗಿಲಲ್ಲಿ ಟಿಕೆಟಿನ ದ್ರಹೊಮೀರಾ ಕೈ ಅಡ್ಡ ಹಿಡಿದಳು. "ಭೂತ ಆಗ್ಲಿ, ಬಿಷಪ್ ಆಗ್ಲಿ, ಮೊದ್ಲು ಚಪ್ಪಲಿ."

ಒಳಗಿನ ಮರದ ನೆಲಕ್ಕೆ ಗೀರು ಬೀಳಬಾರದೆಂದು ಬೂಟಿನ ಮೇಲೆಯೇ ದಪ್ಪ ಉಣ್ಣೆಚಪ್ಪಲಿ ತೊಡಬೇಕು. ಒಣಗಿದ್ದಾಗಲೇ ಅದು ಜಾರುತ್ತದೆ. ಈಗ ಅದು ವೆಂಡೆಲೀನನ ಬೂಟಿನ ನೀರನ್ನೆಲ್ಲ ಕುಡಿದು ಉಬ್ಬಿತ್ತು. ಗಡಿಯಾರ ಹನ್ನೆರಡು ಹೊಡೆದು ಮುಗಿದ ಮೇಲೆ ಅವನು ಕನ್ನಡಿ ಹಾಲಿಗೆ ಕಾಲಿಟ್ಟ. ಮತ್ತೆ ಕಾಲೆತ್ತುವ ಕೆಲಸವೇ ಬರಲಿಲ್ಲ.

"ಬಲಗಡೆ ರಾಣಿಯ ಪಿಯಾನೋ," ಎಂದು ಶುರುಮಾಡುವಷ್ಟರಲ್ಲಿ ಪಿಯಾನೋ ಹಿಂದಾಯಿತು. "ಎಡಗಡೆ ಚಿತ್ರಗಳಲ್ಲಿ ಅವರ ತಾತ, ಅವರ ಕುದುರೆ, ಕುದುರೆಯ ತಾತ," ಎನ್ನುತ್ತ ಮುನ್ನೂರು ವರ್ಷಗಳ ಇತಿಹಾಸವನ್ನು ಒಂದೇ ಜಾರಾಟದಲ್ಲಿ ಮುಗಿಸಿ, ಹಿನೆಕ್ ಸಾಹೇಬರ ಹೊಟ್ಟೆಗೆ ಬಂದು ಒರಗಿದ. ಜನ ಚಪ್ಪಾಳೆ ಹೊಡೆದು, "ಇನ್ನೊಂದ್ ಸಲ" ಎಂದರು.

ಸಾಹೇಬರು ಅಂಗಿಯ ಒದ್ದೆ ಒರೆಸಿಕೊಂಡರು. "ಶ್ಕೋಪೆಕ್, ತಡವಾಗಿ ಬಂದ್ರಿ. ನೆಲ ಹಾಳು ಮಾಡಿದ್ರಿ. ಕುದುರೆಗೆ ತಾತನ್ನ ಸೃಷ್ಟಿ ಮಾಡಿದ್ರಿ. ನೀವು ನೆಲಮಾಳಿಗೇಲೇ ಇರಿ. ಹಿರಿಯ ಗೈಡ್ ಓತಾಕರ್."

ಓತಾಕರ್ ಎದೆಯ ಮೇಲೆ ಕೈಯಿಟ್ಟು ಬಾಗಿದ. ವೆಂಡೆಲೀನನ ಕಣ್ಣಲ್ಲೂ ನೀರಾಡಿತು; ಆದರೆ ಉಳಿದ ನೀರಿನ ನಡುವೆ ಅದು ಯಾರಿಗೂ ಕಾಣಲಿಲ್ಲ.

"ಆದ್ರೆ," ಎಂದು ಸಾಹೇಬರು ಬಾಗಿಲಾಚೆಯ ಸಾಲನ್ನು ನೋಡಿದರು, "ಜನ ಎಲ್ಲಾ ನೀರಿನ ಭೂತಾನೇ ಬೇಕು ಅಂತಿದಾರೆ. ಆದ್ರಿಂದ ನಾಳೆಯಿಂದ ಹಿರಿಯ ಗೈಡು ದಿನಾ ಬೆಳಿಗ್ಗೆ ನದೀಲಿ ಮುಳುಗಿ ಎದ್ದೇ ಡ್ಯೂಟಿಗೆ ಬರ್ಬೇಕು. ಮಧ್ಯಾಹ್ನ ಕೋಟು ಒಣಗಿದ್ರೆ ಇನ್ನೊಂದು ಮುಳುಗು."

ಓತಾಕರನ ಬಾಗಿದ ಬೆನ್ನು ನೆಟ್ಟಗಾಗಲೇ ಇಲ್ಲ. "ಸಾರ್, ಏಪ್ರಿಲ್ ತಿಂಗಳು... ನೀರು ಹೆಂಗಿರುತ್ತೋ ಏನೋ."

"ಅದನ್ನ ಇವ್ರನ್ನ ಕೇಳಿ," ಎಂದು ಸಾಹೇಬರು ವೆಂಡೆಲೀನನತ್ತ ಬೆರಳು ಮಾಡಿದರು.

ವೆಂಡೆಲೀನ್ ಹೇಳಬೇಕೆಂದು ಬಾಯಿ ತೆರೆದ. ಹಲ್ಲುಗಳು ಕಟಕಟ ಎಂದವು. ಓತಾಕರನ ಮುಖ ನೋಡಿದ. ಆಮೇಲೆ ಬಂದದ್ದು ನಗು. ಗೋಡೆಗೆ ಒರಗಿ, ಜಾರಿ, ನೆಲದ ಮೇಲೆ ಕೂತು ನಕ್ಕ. ಅವನು ನಕ್ಕ ಅಬ್ಬರಕ್ಕೆ ಅಂಗಳದಲ್ಲಿ ಸಾಲುನಿಂತ ಹೆಂಗಸೊಬ್ಬಳು ದ್ರಹೊಮೀರಾಳನ್ನು ಕೇಳಿದಳಂತೆ: "ಆ ನಗೂನೂ ಇದೇ ಟಿಕೆಟ್ಟಿಗೇನಾ, ಬೇರೆ ತಗೋಬೇಕಾ?"