ಎಲ್ಲಾ ಇರುವ ಫೋನು

ಟೈಲರ್ ಮಾಸ್ತರರ ಹಳೆಯ ಫೋನಿಗೆ ಹೊಟ್ಟೆ ಊದಿಕೊಂಡದ್ದೇ ಎಲ್ಲದಕ್ಕೂ ಮೂಲ. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಕಳಚಿಕೊಂಡಿತ್ತು. ಮಾಸ್ತರರು ಅದಕ್ಕೆ ಪೈಜಾಮದ ಎಲಾಸ್ಟಿಕ್ ಸುತ್ತಿ ಕಾಲ ತಳ್ಳುತ್ತಿದ್ದರು. ನೋಡಲಾರದೆ ಅವರ ಬಾಮೈದ ಬೆಳಿಗ್ಗೆಯೇ ಫೋನಿನ ಅಂಗಡಿಗೆ ಎಳೆದುಕೊಂಡು ಹೋಗಿ, ಹಳೆಯದನ್ನು ಅಲ್ಲೇ ಬದಲಿಗೆ ಕೊಟ್ಟು ಹೊಸದೊಂದನ್ನು ಕೈಗಿಟ್ಟ.

“ಇದರಲ್ಲಿ ಎಲ್ಲಾ ಇದೆ ಭಾವ. ಮುಖ ನೋಡಿದ್ರೆ ತೆರ್ಕೊಳ್ಳುತ್ತೆ, ಕೈ ತೋರಿಸಿದ್ರೆ ಫೋಟೋ ತೆಗೆಯುತ್ತೆ. ಎಲ್ಲಿ, ಒಂದ್ಸಲ ನಗಿ, ನಿಮ್ಮ ಮುಖ ಗುರುತಿಟ್ಕೊಳ್ಳಲಿ.”

“ನಗು ಇರ್ಲಪ್ಪ, ಹಳೇದರಲ್ಲಿದ್ದ ಆ ರೆಕಾರ್ಡಿಂಗ್ ಇದಕ್ಕೆ ಬಂತಾ?”

“ಬಂತು. ಅದರಲ್ಲೇನಿದೆ ಅಂಥದ್ದು?”

“ಮಿಷನ್ ಸದ್ದು” ಎಂದು ಮಾಸ್ತರರು ಮಾತು ತೇಲಿಸಿ, ಬಲವಂತಕ್ಕೆ ಹಲ್ಲು ಕಿರಿದರು.

ಹೇಳಿದ್ದು ಅರ್ಧ ನಿಜ. ಹೋದ ವರ್ಷ ಅವರ ಹೊಲಿಗೆ ಮಿಷನ್ನು ಟಕ್ ಟಕ್ ಎನ್ನತೊಡಗಿದಾಗ, ಬರಲು ಪುರುಸೊತ್ತಿಲ್ಲದ ಮೆಕ್ಯಾನಿಕ್ ಸದ್ದನ್ನು ಫೋನಿನಲ್ಲಿ ಹಿಡಿದು ತರಲು ಹೇಳಿದ್ದ. ಹಿಡಿಯುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಹೆಂಡತಿ ಊಟಕ್ಕೆ ಕೂಗಿದ್ದಳು. “ಇದರಲ್ಲಿ ಅಕ್ಕನೇ ಕೇಳಿಸ್ತಾರೆ, ಮಿಷನ್ ಎಲ್ಲಿ?” ಎಂದು ಮೆಕ್ಯಾನಿಕ್ ನಕ್ಕು ವಾಪಸ್ ಕಳಿಸಿದ್ದ. ಆ ವಾರವೇ ಅವಳು ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಫೋಟೋಗಳು ಬೇಕಾದಷ್ಟಿವೆ, ದನಿ ಇದ್ದದ್ದು ಅದೊಂದರಲ್ಲೇ. ದಿನಾ ಮಧ್ಯಾಹ್ನ ಅದನ್ನು ಕೇಳಿದ ಮೇಲೆಯೇ ಮಾಸ್ತರರು ಎದ್ದು ತಟ್ಟೆ ಹಾಕಿಕೊಳ್ಳುತ್ತಿದ್ದರು. ಯಾರೂ ಕರೆಯದೆ ಊಟಕ್ಕೆ ಹೋಗುವುದು ಅವರಿಗೆ ಅಭ್ಯಾಸವಿರಲಿಲ್ಲ.

ಮನೆಯ ಮುಂದಿನ ಹೊಲಿಗೆ ಅಂಗಡಿಯಲ್ಲಿ ಹೊಸ ಫೋನು ಮೇಜಿನ ಮೇಲೆ ನಿಂತಿತು. ಮೊದಲ ಗಿರಾಕಿ ಬ್ಯಾಂಕಿನ ಸಾಹೇಬರು. ಅವರು ಸೊಂಟದ ಅಳತೆಗೆಂದು ಅಂಗಿ ಮೇಲೆತ್ತಿ ಉಸಿರು ಬಿಗಿಹಿಡಿದು ನಿಂತರು. “ಸ್ವಲ್ಪ ತಡೀರಿ” ಎಂದು ಮಾಸ್ತರರು ಅಂಗೈ ಎತ್ತಿದ್ದೇ ತಡ, ಫೋನು ಫಳ್ ಎಂದು ಬೆಳಕು ಚೆಲ್ಲಿ ಸಾಹೇಬರ ಹೊಟ್ಟೆಯ ಫೋಟೋ ತೆಗೆಯಿತು. ಗಾಬರಿಯಿಂದ “ಇಲ್ಲ ಇಲ್ಲ” ಎಂದು ಕೈಯಾಡಿಸಿದರೆ ಇನ್ನೊಂದು ತೆಗೆಯಿತು.

“ನನ್ನ ಹೊಟ್ಟೆ ಕಟ್ಕೊಂಡು ನಿಮಗೇನ್ರೀ ಆಗ್ಬೇಕು?” ಎಂದು ಸಾಹೇಬರು ಬಟ್ಟೆ ಸಮೇತ ಹೊರಟೇ ಹೋದರು.

ಮಧ್ಯಾಹ್ನವಾಯಿತು. ಮಾಸ್ತರರು ಫೋನನ್ನು ಮುಖಕ್ಕೆ ಹಿಡಿದರು. ಮುಖ ಹೊಂದುತ್ತಿಲ್ಲ ಎಂದಿತು. ತುಟಿಯಲ್ಲಿದ್ದ ಗುಂಡುಪಿನ್ನು ತೆಗೆದು ಹಿಡಿದರು, ಕನ್ನಡಕ ಒರೆಸಿ ಹಿಡಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಪಕ್ಕದ ಮೆಡಿಕಲ್ ಶಾಪಿನ ಅಕ್ಕ ಇಣುಕಿ ನೋಡಿದರು. ಬಾಮೈದನೂ ಬಂದ.

“ಬೆಳಿಗ್ಗೆ ನಕ್ಕಿದ್ರಲ್ಲ, ಹಾಗೇ ನಗ್ಬೇಕು ಭಾವ.”

“ಈಗ ನಗು ಬರ್ತಿಲ್ಲ ಕಣಯ್ಯ.”

“ಪಾಪ, ಸುಮ್ನೆ ಹಲ್ಲು ತೋರ್ಸಿ ಮಾಸ್ಟ್ರೇ” ಎಂದರು ಅಕ್ಕ. ಹೆಂಡತಿಯ ದನಿ ಕೇಳುವುದಕ್ಕಾಗಿ ಮಾಸ್ತರರು ಒದ್ದೆ ಕಣ್ಣಿಟ್ಟುಕೊಂಡು ನಕ್ಕರು. ಫೋನು ತೆರೆಯಿತು.

ಟಕ್ ಟಕ್ ಸದ್ದಿನ ಹಿಂದೆ, ದೂರದಲ್ಲಿ, ಆ ದನಿ: “ಊಟಕ್ಕೆ ಬನ್ರೀ! ಆ ಮಿಷನ್ ಜೊತೆ ಆಮೇಲೆ ಸಂಸಾರ ಮಾಡೋರಂತೆ!” ಹತ್ತಿರದಲ್ಲೇ ಮಾಸ್ತರರ ಸಿಡುಕು: “ಸ್ವಲ್ಪ ಸುಮ್ನಿರೇ, ಗಲಾಟೆ ಮಾಡ್ಬೇಡ!”

ಬಾಮೈದ ಗರಬಡಿದವನಂತೆ ನಿಂತ. “ಅಕ್ಕ! ಭಾವ, ನಮ್ಮಕ್ಕ ಅಲ್ವಾ? ಒಂದ್ಸಲನಾದ್ರೂ ನನಗೆ ಕೇಳಿಸಬಾರದಿತ್ತಾ?” ಅಳು ತಡೆಯಲಾಗದೆ ಫೋನು ಕಸಿದುಕೊಂಡ. “ಈ ದರಿದ್ರ ಸದ್ದಿನಲ್ಲಿ ಅವಳ ದನಿ ಸರಿಯಾಗಿ ಕೇಳ್ತಾನೇ ಇಲ್ಲ. ಗಲಾಟೆ ತೆಗೆಯೋ ಬಟನ್ ಇದೆ ಇದರಲ್ಲಿ, ತಾಳಿ.”

“ಬೇಡ ಕಣೋ, ಹೇಗಿದೆಯೋ ಹಾಗೇ ಇರ್ಲಿ.”

“ಸ್ಪಷ್ಟವಾಗಿ ಕೇಳ್ಬೇಕು ಅಂತ ಆಸೆ ಇಲ್ವಾ ಮಾಸ್ಟ್ರೇ?” ಎಂದರು ಮೆಡಿಕಲ್ ಶಾಪಿನ ಅಕ್ಕ. ಆಸೆ ಇಲ್ಲದೆ ಇರುತ್ತದೆಯೇ? ಮಾಸ್ತರರು ಫೋನಿಗೆಂದು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಬಾಮೈದ ಒತ್ತಿದ, ಉಳಿಸಲೇ ಎಂದು ಫೋನು ಕೇಳಿದ್ದಕ್ಕೆ ಹೂಂ ಎಂದೂ ಒತ್ತಿದ.

ಟಕ್ ಟಕ್ ಟಕ್. ಮಿಷನ್ನು ಕಿವಿಯ ಪಕ್ಕದಲ್ಲೇ ಓಡಿದಷ್ಟು ಸ್ಪಷ್ಟ. ಅವಳು ಕೂಗಬೇಕಾದ ಜಾಗ ಬಂತು, ಹೋಯಿತು. ಅವಳು ಕೂಗಲಿಲ್ಲ. ಫೋನಿನ ಲೆಕ್ಕದಲ್ಲಿ ಗಲಾಟೆ ಅವಳೇ ಆಗಿದ್ದಳು.

ಬಾಮೈದನ ಬೆರಳುಗಳು ಪರದೆಯ ಮೇಲೆಲ್ಲ ಓಡಾಡಿದವು. “ಹಳೇ ರೆಕಾರ್ಡಿಂಗ್ ಮೇಲೇ ಉಳಿಸಿಬಿಟ್ಟೆ ಭಾವ” ಎಂದ, ಮುಖ ಎತ್ತದೆ. ಹಳೆಯ ಫೋನನ್ನು ಅಂಗಡಿಯವನು ಬೆಳಿಗ್ಗೆ ಅವರ ಕಣ್ಣೆದುರಿಗೇ ಪೂರ್ತಿ ಅಳಿಸಿದ್ದ.

ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಾ ಫೋನಿನ ಟಕ್ ಟಕ್ ಕೇಳಿಸಿಕೊಂಡ ಮೆಕ್ಯಾನಿಕ್ ಎಣ್ಣೆ ಡಬ್ಬಿ ಹಿಡಿದು ಒಳಗೆ ನುಗ್ಗಿದ. “ಈಗ ಕೇಳ್ತು ನೋಡಿ ಮಾಸ್ಟ್ರೇ! ಶಟಲ್ ಸ್ಕ್ರೂ ಸಡಿಲ. ಆವತ್ತೇ ಹೀಗೆ ತಂದಿದ್ರೆ ಇಷ್ಟು ದಿನ ಯಾಕೆ ಒದ್ದಾಡ್ಬೇಕಿತ್ತು?” ಯಾರಾದರೂ ಬೇಡ ಎನ್ನುವಷ್ಟರಲ್ಲಿ ಸ್ಕ್ರೂ ಬಿಗಿದು, ಎಣ್ಣೆ ಬಿಟ್ಟು, ಚಕ್ರ ತಿರುಗಿಸಿ ತೋರಿಸಿದ. ಮಿಷನ್ನು ಬೆಣ್ಣೆಯಂತೆ ಓಡಿತು, ಚೂರೂ ಸದ್ದಿಲ್ಲ. “ಒಳ್ಳೆ ಫೋನು!” ಎಂದು ಹೊಗಳಿ ಹೋದ.

ಉಳಿದವರೂ ಒಬ್ಬೊಬ್ಬರಾಗಿ ಹೊರಟರು. ಮಾಸ್ತರರು ಸದ್ದಿಲ್ಲದ ಮಿಷನ್ನಿನ ಮುಂದೆ ಕುಳಿತು, ಹೇಗೋ ನಕ್ಕು ಫೋನು ತೆರೆದು, ರೆಕಾರ್ಡಿಂಗನ್ನು ಕೊನೆಯವರೆಗೂ ಕೇಳಿದರು. ಟಕ್ ಟಕ್ ಟಕ್. ಆಮೇಲೆ ಅವರದೇ ದನಿ, ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿ: “ಸ್ವಲ್ಪ ಸುಮ್ನಿರೇ, ಗಲಾಟೆ ಮಾಡ್ಬೇಡ!”

ಅವಳು ಸುಮ್ಮನಿದ್ದಳು. ಆ ಮಧ್ಯಾಹ್ನ ಮಾಸ್ತರರು ಊಟಕ್ಕೆ ಏಳಲಿಲ್ಲ.